ಹಸಿವೆಂಬ ಕಾಯಿಲೆಗೆ ಮದ್ದು

ಮಕ್ಕಳೇ, ನೀವಿರುವ ಬಡಾವಣೆಗೆ ಆ ಹೆಸರು ಹೇಗೆ ಬಂತೆಂದು ಯಾವತ್ತಾದರೂ ಮನೆಯ ಹಿರಿಯರನ್ನು ಕೇಳಿದ್ದೀರಾ? ನಾನಿರುವುದು ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ, ರಾಜಾಜಿನಗರದಲ್ಲಿ. ರಾಜಾಜಿ ಎಂದರೆ ಚಕ್ರವರ್ತಿ ರಾಜಗೋಪಾಲಾಚಾರಿ. ಗವರ್ನರ್ ಜನರಲ್ ಪದವಿಗೇರಿದ ಒಬ್ಬರೇ ಒಬ್ಬ ಭಾರತೀಯರು ಅವರು. ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, ಓದಿದ್ದು ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ. ಪಕ್ಕದ ಬಸವೇಶ್ವರನಗರಕ್ಕೆ ಬಸವಣ್ಣನವರ ಹೆಸರು. ಮೈಸೂರು ರಸ್ತೆ ಹಿಡಿದು ಕೆಂಗೇರಿ ಕಡೆ ಹೋದರೆ ರಾಜರಾಜೇಶ್ವರಿನಗರ ಸಿಗುತ್ತದೆ. ಆ ಹೆಸರು ಅಲ್ಲಿನ ಕೈಲಾಸ ಆಶ್ರಮದ ರಾಜರಾಜೇಶ್ವರಿ ದೇವಸ್ಥಾನದಿಂದ ಬಂದದ್ದು. ಆ ಆಶ್ರಮ ಕಟ್ಟಿದವರು ತಮಿಳುನಾಡಿನಿಂದ ಬಂದ ತಿರುಚ್ಚಿ ಸ್ವಾಮಿಗಳು.

ಹೀಗೆ ನಮ್ಮ ಕಡೆಯ ಬೀದಿಗಳಲ್ಲಿ ಕನ್ನಡ, ತಮಿಳು ಎರಡೂ ಬಹಳ ದಿನದಿಂದ ಅಕ್ಕಪಕ್ಕದಲ್ಲೇ ಬಾಳುತ್ತಿವೆ. ಮಿಲ್ಲು, ರೈಲ್ವೆ, ಕಾರ್ಖಾನೆಗಳ ಕೆಲಸಕ್ಕೆಂದು ಬಂದವರು ಶ್ರೀರಾಮಪುರ, ಓಕಳಿಪುರದ ಕಡೆ ಮನೆ ಮಾಡಿದರು. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತರು. ನಮ್ಮ ಮಕ್ಕಳು ಅವರ ಮನೆಯ ಪೊಂಗಲ್ ತಿಂದು ಬೆಳೆದರು.

ನಾನು ಇವತ್ತು ಹೇಳಹೊರಟಿರುವ ತಮಿಳು ಸಂತರು ಬೆಂಗಳೂರಿಗೆ ಬಂದು ಆಶ್ರಮ ಕಟ್ಟಿದವರಲ್ಲ. ಅವರು ನಮ್ಮ ಬೀದಿಗೆ ಬಂದದ್ದು ಒಂದು ಅಕ್ಕಿ ಡಬ್ಬಿಯ ಮೂಲಕ. ಅವರ ಹೆಸರು ರಾಮಲಿಂಗ ಸ್ವಾಮಿಗಳು. ಜನ ಪ್ರೀತಿಯಿಂದ ಕರೆಯುವುದು ವಳ್ಳಲಾರ್ ಎಂದು. ಹಾಗೆಂದರೆ ಕೊಡುಗೈ ದಾನಿ.

ಸೊಪ್ಪಿನ ಪಾಠ

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ನನಗೆ ಅವರು ಅಕ್ಕ, ನನ್ನ ಮೊಮ್ಮಗಳಿಗೆ ಪಾಟಿ. ಅವರ ಯಜಮಾನರು ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಈಗ ಅವರಿಲ್ಲ. ಭಾನುವಾರ ಬೆಳಿಗ್ಗೆ ಪಾಟಿಯ ಜೊತೆ ಶ್ರೀರಾಮಪುರದ ಕಡೆ ಸೊಪ್ಪು ತರಲು ಹೋಗುವುದು ಮೊಮ್ಮಗಳಿಗೆ ಬಲು ಇಷ್ಟ. ಚೀಲ ಹೊರುವ ಕೆಲಸ ನನ್ನದು.

ಸೊಪ್ಪು ಮಾರುವ ಹೆಂಗಸಿನ ಮುಂದೆ ಕೂತು ಪಾಟಿ ಒಂದೊಂದೇ ಕಟ್ಟು ಎತ್ತಿ ತೋರಿಸುತ್ತಾರೆ. "ಇದು ವಲ್ಲಾರೈ. ನಿಮ್ಮಲ್ಲಿ ಏನು ಹೇಳ್ತೀರಿ?"

"ಒಂದೆಲಗ!"

"ಇದು ಕರಿಸಲಾಂಗಣ್ಣಿ."

ಮೊಮ್ಮಗಳು ನನ್ನ ಮುಖ ನೋಡುತ್ತಾಳೆ. ಗರುಗದ ಸೊಪ್ಪು ಎಂದು ನಾನು ಹೇಳಿಕೊಡುತ್ತೇನೆ. ತಲೆಗೆ ಹಚ್ಚುವ ಎಣ್ಣೆಗೆ ನಮ್ಮ ಅಮ್ಮಂದಿರು ಹಾಕಿ ಕಾಯಿಸುತ್ತಿದ್ದದ್ದು ಇದನ್ನೇ.

"ಇದು ಪೊನ್ನಾಂಗಣ್ಣಿ."

"ಹೊನಗೊನ್ನೆ!" ಎಂದು ಕೂಗಿದವಳೇ ಅವಳು ಒಂದು ಕ್ಷಣ ಸುಮ್ಮನಾದಳು. "ತಾತ, ಪೊನ್, ಹೊನ್. ಎರಡೂ ಒಂದೇ ಅಲ್ವಾ?"

ಹೌದು ಪುಟ್ಟೀ, ಒಂದೇ. ತಮಿಳಿನ 'ಪ' ಇರುವ ಕಡೆ ಕನ್ನಡದಲ್ಲಿ ಎಷ್ಟೋ ಸಲ 'ಹ' ಬರುತ್ತದೆ. ಪಾಲ್ ಎಂದರೆ ಹಾಲು, ಪುಲಿ ಎಂದರೆ ಹುಲಿ, ಪಲ್ ಎಂದರೆ ಹಲ್ಲು. ಹಳಗನ್ನಡದಲ್ಲಿ ನಾವೂ 'ಪ' ಎಂದೇ ಹೇಳುತ್ತಿದ್ದೆವು. ಆಮೇಲೆ ನಮ್ಮ ನಾಲಿಗೆ 'ಹ' ಕಡೆ ಹೊರಳಿತು. ಈ ಆಟ ನೀವೂ ಆಡಿ ನೋಡಿ. ಪಿಡಿ ಎಂದರೆ? ಹಿಡಿ. ಪಸಿ ಎಂದರೆ? ಹಸಿವು. ಈ ಕೊನೆಯ ಎರಡು ಮಾತು ನೆನಪಿಟ್ಟುಕೊಳ್ಳಿ. ಈ ಕಥೆಗೆ ಅವೆರಡೂ ಬೇಕು.

ಮಹಡಿ ಕೋಣೆಯ ಹುಡುಗ

ವಳ್ಳಲಾರ್ ಹುಟ್ಟಿದ್ದು 1823ರ ಅಕ್ಟೋಬರ್ 5ರಂದು, ಚಿದಂಬರದ ಹತ್ತಿರದ ಮರುದೂರಿನಲ್ಲಿ. ತಂದೆ ರಾಮಯ್ಯ ಪಿಳ್ಳೆ, ತಾಯಿ ಚಿನ್ನಮ್ಮೈ. ಮಗು ಇನ್ನೂ ಅಂಬೆಗಾಲಿಡುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಸಂಸಾರ ಕೊನೆಗೆ ಮದರಾಸು ಸೇರಿತು. ದೊಡ್ಡಣ್ಣ ಸಭಾಪತಿ ಪುರಾಣ ಪ್ರವಚನ ಮಾಡಿ ಮನೆ ನಡೆಸುತ್ತಿದ್ದರು.

ಅಣ್ಣನಿಗೆ ತಮ್ಮ ಚೆನ್ನಾಗಿ ಓದಬೇಕೆಂಬ ಆಸೆ. ತಮ್ಮನೋ ಪುಸ್ತಕ ಬಿಟ್ಟು ಕಂದಕೋಟದ ಮುರುಗನ ಗುಡಿಯಲ್ಲಿ ಹಾಡುತ್ತಾ ಕೂತಿರುತ್ತಿದ್ದ. ಅಣ್ಣನಿಗೆ ರೇಗಿತು. "ಓದದವನಿಗೆ ಈ ಮನೆಯಲ್ಲಿ ಊಟ ಇಲ್ಲ" ಎಂದುಬಿಟ್ಟರಂತೆ. ಅತ್ತಿಗೆಗೆ ಮನಸ್ಸು ತಡೆಯಲಿಲ್ಲ. ಗಂಡನಿಗೆ ಗೊತ್ತಾಗದ ಹಾಗೆ ಹುಡುಗನಿಗೆ ಅನ್ನ ಬಡಿಸುತ್ತಿದ್ದರು. ಒಂದು ದಿನ ಆಕೆ ಕಣ್ಣೀರಿಟ್ಟದ್ದನ್ನು ಕಂಡು ಹುಡುಗ ಮನೆಯಲ್ಲೇ ಕೂತು ಓದುತ್ತೇನೆಂದು ಒಪ್ಪಿಕೊಂಡ. ತನಗೆ ಮಹಡಿಯ ಕೋಣೆ, ಒಂದು ಕನ್ನಡಿ, ಒಂದು ದೀಪ ಸಾಕು ಎಂದು ಕೇಳಿದ. ಆ ಕನ್ನಡಿಯ ಮುಂದೆ ಧ್ಯಾನಕ್ಕೆ ಕೂತ ಹುಡುಗ ಮುಂದೆ ಕವಿಯಾದ, ಸಂತನಾದ ಎಂಬುದು ತಮಿಳುನಾಡಿನ ಮನೆಮನೆಯ ಕಥೆ.

ಈ ಕಥೆ ಕೇಳಿದಾಗಲೆಲ್ಲ ನನಗೆ ಕನ್ನಡಿಗಿಂತ ಅತ್ತಿಗೆಯೇ ಹೆಚ್ಚು ನೆನಪಾಗುತ್ತಾರೆ. ಹೊಟ್ಟೆ ತುಂಬದ ಹುಡುಗನಿಗೆ ಸದ್ದಿಲ್ಲದೆ ತಟ್ಟೆ ಇಟ್ಟ ಆ ಕೈಯನ್ನು ವಳ್ಳಲಾರ್ ಮರೆತಿರಲಾರರು.

ಅವರು ಹಾಡಿದ ಸಾವಿರಾರು ಪದ್ಯಗಳ ಸಂಗ್ರಹಕ್ಕೆ ತಿರುವರುಟ್ಪಾ ಎಂದು ಹೆಸರು. ಕಾವಿ ಉಡಲಿಲ್ಲ. ತಲೆಯ ಮೇಲಿಂದ ಹೊದ್ದ ಬಿಳಿಯ ಬಟ್ಟೆಯೇ ಅವರ ವೇಷ. ದೇವರೆಂದರೆ ಕರುಣೆಯ ದೊಡ್ಡ ಬೆಳಕು, ಆ ಬೆಳಕಿಗೆ ಜಾತಿ ಇಲ್ಲ, ಪಂಥ ಇಲ್ಲ ಎಂದರು. ಎಲ್ಲ ಜೀವವೂ ಒಂದೇ ಎಂಬ ನಂಬಿಕೆಯ ಮೇಲೆ 1865ರಲ್ಲಿ ಒಂದು ಸಂಘ ಕಟ್ಟಿದರು.

ವೈದ್ಯರ ಮೊದಲ ಮದ್ದು

ಮದರಾಸು ಬಿಟ್ಟ ಮೇಲೆ ಅವರು ಹಲವು ವರ್ಷ ಇದ್ದದ್ದು ವಡಲೂರಿನ ಹತ್ತಿರದ ಕರುಂಗುಳಿ ಎಂಬ ಹಳ್ಳಿಯಲ್ಲಿ. ಅಲ್ಲಿ ಒಂದು ರಾತ್ರಿ ಎಣ್ಣೆಯೆಂದುಕೊಂಡು ದೀಪಕ್ಕೆ ನೀರು ಹಾಕಿದರೂ ದೀಪ ಬೆಳಗಿನವರೆಗೆ ಉರಿಯಿತೆಂದು ಭಕ್ತರು ಹೇಳುತ್ತಾರೆ. ಕಾಯಿಲೆಯವರು ದೂರದ ಊರುಗಳಿಂದ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅವರು ಕೊಟ್ಟ ವಿಭೂತಿಯಿಂದ ಜ್ವರ ಬಿಟ್ಟಿತು, ನೋವು ಹೋಯಿತು ಎಂದು ನಂಬುವವರು ಇಂದಿಗೂ ಇದ್ದಾರೆ. ನಂಬಿಕೆ ಅವರವರದ್ದು.

ನಂಬಿಕೆಯ ಮಾತು ಹಾಗಿರಲಿ, ವಳ್ಳಲಾರ್ ಸಿದ್ಧವೈದ್ಯ ಬಲ್ಲವರಾಗಿದ್ದರು. ತಮಿಳುನಾಡಿನಲ್ಲಿ ಸಿದ್ಧರೆಂದರೆ ಯೋಗಿಗಳೂ ಹೌದು, ನಾಟಿ ಮದ್ದು ಬಲ್ಲವರೂ ಹೌದು. ಯಾವ ಸೊಪ್ಪಿಗೆ ಏನು ಗುಣ ಎಂದು ಅವರು ಪಟ್ಟಿ ಮಾಡಿಟ್ಟರು. ದಿನಚರಿ ಹೇಗಿರಬೇಕೆಂದು ಬರೆದರು. ಪಾಟಿ ಆರಿಸುವ ಕರಿಸಲಾಂಗಣ್ಣಿಯನ್ನು, ತೂದುವಳೈ ಎಂಬ ಮುಳ್ಳುಬಳ್ಳಿಯ ಎಲೆಯನ್ನು ಅವರು ಬಹಳವಾಗಿ ಹೊಗಳಿದ್ದಾರೆ. (ಮಕ್ಕಳೇ, ಸೊಪ್ಪು ಊಟಕ್ಕೆ ಒಳ್ಳೆಯದು. ಕಾಯಿಲೆ ಬಂದರೆ ಮಾತ್ರ ಡಾಕ್ಟರ ಹತ್ತಿರವೇ ಹೋಗಬೇಕು.)

ಇಷ್ಟೆಲ್ಲ ಬಲ್ಲ ವೈದ್ಯರು ಎಲ್ಲಕ್ಕಿಂತ ದೊಡ್ಡ ಕಾಯಿಲೆ ಎಂದು ಯಾವುದನ್ನು ಹೇಳಿದರು ಗೊತ್ತೇ? ಹಸಿವನ್ನು. ತಮಿಳಿನಲ್ಲಿ ಅದಕ್ಕೊಂದು ಹಳೆಯ ಮಾತಿದೆ: ಪಸಿಪ್ಪಿಣಿ. ಪಸಿ ಎಂದರೆ ಹಸಿವು ಎಂದು ನಿಮಗೆ ಆಗಲೇ ಗೊತ್ತು. ಪಿಣಿ ಎಂದರೆ ಕಾಯಿಲೆ. ಮಣಿಮೇಖಲೈ ಎಂಬ ಪ್ರಾಚೀನ ತಮಿಳು ಕಾವ್ಯದ ನಾಯಕಿ ಬರಿದಾಗದ ಒಂದು ಪಾತ್ರೆ ಹಿಡಿದು ಊರೂರಿಗೆ ಹೋಗಿ ಈ ಕಾಯಿಲೆಯನ್ನೇ ವಾಸಿ ಮಾಡುತ್ತಾಳೆ. ನಮ್ಮ ಮಹಾಭಾರತದ ಅಕ್ಷಯಪಾತ್ರೆಯಂಥದೇ ಪಾತ್ರೆ ಅದು.

ವಳ್ಳಲಾರರ ವಿವರಣೆ ವೈದ್ಯರ ವಿವರಣೆಯ ಹಾಗೆಯೇ ಇದೆ. ಹಸಿದವನ ಬುದ್ಧಿ ಮಂಕಾಗುತ್ತದೆ, ಕಣ್ಣು ಗುಳಿ ಬೀಳುತ್ತದೆ, ಕಿವಿ ಮಂದವಾಗುತ್ತದೆ, ಕೈಕಾಲು ಸೋಲುತ್ತವೆ ಎಂದು ಒಂದೊಂದೇ ಲಕ್ಷಣ ಹೇಳುತ್ತಾರೆ. ಉಂಡ ಮೇಲೆ ಅವೆಲ್ಲ ಹೇಗೆ ಒಂದೊಂದಾಗಿ ಮರಳುತ್ತವೆ ಎಂಬುದನ್ನೂ ಹೇಳುತ್ತಾರೆ. ಈ ಕಾಯಿಲೆಗೆ ಮದ್ದು ಎಲ್ಲರ ಮನೆಯಲ್ಲೂ ಇದೆ, ಕೊಡಲು ವೈದ್ಯನೇ ಆಗಬೇಕಿಲ್ಲ ಎಂಬುದು ಅವರ ಉಪದೇಶದ ತಿರುಳು. ಮೋಕ್ಷದ ಬಾಗಿಲಿಗೆ ಜೀವಕಾರುಣ್ಯವೇ ಕೀಲಿಕೈ ಎಂದು ಅವರು ಬೋಧಿಸಿದರು.

ಆ ಕಾಲ ನೋಡಿ. 1866ರಲ್ಲಿ ಭಾರಿ ಕ್ಷಾಮ ಬಂದು ಮದರಾಸು ಪ್ರಾಂತದಲ್ಲೂ ಜನ ಅನ್ನವಿಲ್ಲದೆ ಕಂಗೆಟ್ಟಿದ್ದರು. ಮರುವರ್ಷ, 1867ರ ಮೇ 23ರಂದು, ವಳ್ಳಲಾರ್ ವಡಲೂರಿನಲ್ಲಿ ಧರ್ಮಶಾಲೆ ತೆರೆದರು. ಅದಕ್ಕೆ ಜಮೀನು ಕೊಟ್ಟವರು ಆ ಊರಿನ ಜನರೇ. ಯಾವ ಜಾತಿ, ಯಾವ ಊರು ಎಂದು ಕೇಳದೆ ಬಂದವರಿಗೆಲ್ಲ ಊಟ. ಅಂದು ಹೊತ್ತಿಸಿದ ಒಲೆ ಇಂದಿನವರೆಗೂ ಆರಿಲ್ಲ.

ಡಬ್ಬಿಯ ಅಕ್ಕಿ

ಇನ್ನು ನಮ್ಮ ಬೀದಿಯ ಕಥೆ. ಪಾಟಿಯ ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇದೆ. ದಿನಾ ಬೆಳಿಗ್ಗೆ ಅನ್ನಕ್ಕಿಡುವ ಮೊದಲು ಅವರು ಒಂದು ಹಿಡಿ ಅಕ್ಕಿ ಅದಕ್ಕೆ ಹಾಕುತ್ತಾರೆ. ಪಿಡಿ ಅರಿಸಿ ಎನ್ನುತ್ತಾರೆ ಅವರು. ಪಿಡಿ ಎಂದರೆ ಹಿಡಿ, ಅರಿಸಿ ಎಂದರೆ ಅಕ್ಕಿ. ಜನವರಿ ಫೆಬ್ರವರಿ ಸುಮಾರಿಗೆ ತೈಪೂಸ ಬರುತ್ತದೆ. ಅಂದರೆ ತಮಿಳರ ತೈ ತಿಂಗಳಲ್ಲಿ ಬರುವ ಪುಷ್ಯ ನಕ್ಷತ್ರದ ದಿನ. ಆಗ ಮೇಸ್ತ್ರಿಯವರು ಎರಡು ದಿನ ರಜೆ ಹಾಕಿ, ಕೂಡಿಟ್ಟ ಅಕ್ಕಿಯನ್ನು ಚೀಲಕ್ಕೆ ತುಂಬಿಕೊಂಡು ವಡಲೂರಿಗೆ ಹೋಗಿ ಒಪ್ಪಿಸಿ ಬರುತ್ತಿದ್ದರು. ಬೇರೆ ಯಾವ ಕಾರಣಕ್ಕೂ ಅವರು ರಜೆ ಹಾಕಿದ್ದು ನಾನು ಕಾಣೆ.

ಸುಮಾರು 40 ವರ್ಷದ ಹಿಂದೆ ಒಂದು ಸಲ ನಮ್ಮ ಕಾರ್ಖಾನೆಗೆ ಬೀಗ ಬಿತ್ತು. ಬೇಡಿಕೆ, ಜಗಳ, ಗೇಟಿನ ಮುಂದೆ ಘೋಷಣೆ. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಸಂಬಳವಿಲ್ಲ. ಕಿರಾಣಿ ಅಂಗಡಿಯ ಶೆಟ್ಟರು ಸಾಲದ ಪುಸ್ತಕ ಮುಚ್ಚಿದರು. ನನ್ನ ಮಕ್ಕಳಿಬ್ಬರೂ ಆಗ ಚಿಕ್ಕವರು. ನನ್ನ ಹೆಂಡತಿ ಅಭಿಮಾನಿ. ಒಲೆಯ ಮೇಲೆ ಬರೀ ನೀರು ಕುದಿಸಿ, ಹೊರಗಿನವರಿಗೆ ಅಡುಗೆಯಾಗುತ್ತಿದೆ ಎನಿಸುವ ಹಾಗೆ ಮಾಡಿದ ದಿನವೂ ಇತ್ತು. ಇದು ಪಕ್ಕದ ಮನೆಗೆ ತಿಳಿಯದೆ ಇರುತ್ತದೆಯೇ?

ಆ ಮಧ್ಯಾಹ್ನ ಅಕ್ಕ ದೊಡ್ಡ ಪಾತ್ರೆ ಹಿಡಿದು ನಮ್ಮ ಹೊಸಿಲಿಗೆ ಬಂದರು. "ನೋಡಮ್ಮ, ಕೈ ತಪ್ಪಿ ಅಕ್ಕಿ ಜಾಸ್ತಿ ಹಾಕ್ಬಿಟ್ಟೆ. ನಮ್ಮನೆಯವರು ತಂಗಳು ಮುಟ್ಟಲ್ಲ. ಸಾಂಬಾರನ್ನ ಹಾಳಾಗುತ್ತೆ. ನಿನ್ನ ಮಕ್ಕಳಿಗೆ ಕೊಟ್ಟು ನನಗೊಂದು ಉಪಕಾರ ಮಾಡು" ಎಂದರು.

ಮರುದಿನವೂ ಕೈ ತಪ್ಪಿತು. ಅದರ ಮರುದಿನವೂ. ಬೀದಿಯ ಇನ್ನೂ ಮೂರು ಮನೆಗಳ ಹೊಸಿಲಲ್ಲೂ ಅವರ ಕೈ ತಪ್ಪುತ್ತಲೇ ಹೋಯಿತು.

ಆ ವರ್ಷ ತೈಪೂಸಕ್ಕೆ ಮೇಸ್ತ್ರಿಯವರು ಚೀಲ ಹುಡುಕಿದರೆ ಅಕ್ಕಿ ಇಲ್ಲ. ಅವರೂ ಬೀಗದ ಹೊರಗೇ ಇದ್ದವರಲ್ಲವೇ? ವರ್ಷವಿಡೀ ಕೂಡಿಟ್ಟ ಹಿಡಿ ಅಕ್ಕಿಯೇ ನಮ್ಮ ಬೀದಿಯ ಮಕ್ಕಳ ಹೊಟ್ಟೆ ಸೇರಿತ್ತು. ದೇವರಿಗೆಂದು ತೆಗೆದಿಟ್ಟದ್ದನ್ನು ಹೀಗೆ ಖರ್ಚು ಮಾಡಬಹುದೇ ಎಂದು ಅವರಿಗೆ ಕಳವಳ. ಅಕ್ಕ ಹೇಳಿದ್ದು ಗೋಡೆಯಾಚೆ ನಮಗೂ ಕೇಳಿಸಿತು. "ಸಾಮಿಯ ಒಲೆ ಈ ವರ್ಷ ಇಲ್ಲೇ ಉರೀತು ಅಂದ್ಕೊಳ್ಳಿ."

ವಡಲೂರಿಗೆ

ಬಹಳ ವರ್ಷ ಬಾಯಲ್ಲಿ ಕೇಳಿದ್ದ ಊರನ್ನು ಹೋದ ಬೇಸಿಗೆ ರಜೆಯಲ್ಲಿ ಕಣ್ಣಾರೆ ನೋಡಿ ಬಂದೆವು. ಪಾಟಿ, ನಾನು, ನನ್ನ ಹೆಂಡತಿ, ಮೊಮ್ಮಗಳು. ಕಾರು ಓಡಿಸಿದ್ದು ನನ್ನ ಮಗ, ಅಂದು ಸಾಂಬಾರನ್ನ ತಿಂದವನೇ. ರಾಜಾಜಿನಗರದಿಂದ ವಡಲೂರಿಗೆ 300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಹೊಸೂರು, ಕೃಷ್ಣಗಿರಿ, ತಿರುವಣ್ಣಾಮಲೈ, ವಿಲ್ಲುಪುರಂ ದಾಟಿದರೆ ಪಣ್ರುಟ್ಟಿ. ಅಲ್ಲಿಂದ ಮುಂದೆ ಕೆಂಪು ಮಣ್ಣು, ಗೋಡಂಬಿ ತೋಟ. ರಸ್ತೆಯ ಪಕ್ಕದಲ್ಲಿ ಹಲಸಿನಹಣ್ಣಿನ ರಾಶಿ ನೋಡಿ ಮೊಮ್ಮಗಳು ಎಣಿಸಲು ಹೊರಟು ಸೋತಳು. ಪಣ್ರುಟ್ಟಿ ಹಲಸಿಗೆ ಹೆಸರುವಾಸಿ. ವಡಲೂರಿನ ಹತ್ತಿರವೇ ನೈವೇಲಿ ಇದೆ. ಕಂದು ಕಲ್ಲಿದ್ದಲು ತೆಗೆದು ವಿದ್ಯುತ್ ಮಾಡುವ ಊರು.

ವಡಲೂರಿನ ವಿಶಾಲ ಬಯಲಿನಲ್ಲಿ ಸತ್ಯ ಜ್ಞಾನ ಸಭೆ ಇದೆ. ಎಂಟು ಮೂಲೆಯ ಕಟ್ಟಡ. ವಳ್ಳಲಾರರೇ ಕಟ್ಟಿಸಿ 1872ರ ಜನವರಿ 25ರ ತೈಪೂಸದಂದು ತೆರೆದದ್ದು. ಒಳಗೆ ಪೂಜೆಗೆ ವಿಗ್ರಹವಿಲ್ಲ, ದೀಪದ ಬೆಳಕಿದೆ. ಆ ಬೆಳಕಿನ ಮುಂದೆ ಏಳು ಬಣ್ಣದ ಏಳು ಪರದೆ. ನಮ್ಮೊಳಗಿನ ಅಜ್ಞಾನವೇ ಆ ಪರದೆಗಳು ಎಂಬುದು ಭಾವ. ತೈಪೂಸದ ದಿನ ಏಳನ್ನೂ ಒಂದಾದ ಮೇಲೊಂದು ಸರಿಸುತ್ತಾರೆ. ಆಗ ಲಕ್ಷಾಂತರ ಜನ ಆ ಬೆಳಕು ನೋಡಲು ಸೇರುತ್ತಾರೆ. ಪ್ರತಿ ತಿಂಗಳ ಪುಷ್ಯ ನಕ್ಷತ್ರದ ದಿನವೂ ದರ್ಶನ ಉಂಟು, ಆದರೆ ಆಗ ಸರಿಸುವುದು ಆರು ಪರದೆ ಮಾತ್ರ.

ಬಾಗಿಲ ಬಳಿ ತಮಿಳಿನ ಫಲಕ. ಪಾಟಿ ಓದಿ ಅರ್ಥ ಹೇಳಿದರು. ಜೀವ ಕೊಲ್ಲುವುದನ್ನೂ ಮಾಂಸ ತಿನ್ನುವುದನ್ನೂ ಬಿಟ್ಟವರು ಮಾತ್ರ ಒಳಗೆ ಬರಬೇಕು ಎಂದು ಅದರಲ್ಲಿತ್ತು.

ಮೊಮ್ಮಗಳು ಮೆಲ್ಲಗೆ ನನ್ನ ಕೈ ಎಳೆದಳು. "ತಾತ, ನಮ್ಮನೇಲಿ ಭಾನುವಾರ ಕೋಳಿ ಸಾರು ಮಾಡ್ತೀವಲ್ಲ?"

"ಹೌದಮ್ಮ."

"ಸುಳ್ಳು ಹೇಳಿ ಹೋಗಬಾರದಲ್ವಾ?"

"ಬೇಡ. ಇಲ್ಲಿಂದಲೇ ಕೈ ಮುಗಿಯೋಣ."

ಪಾಟಿ ಒಳಗೆ ಹೋದರು. ನಾವು ಹೊರಗೆ ನಿಂತು ಕೈ ಮುಗಿದೆವು. ಅವಳ ಮುಖ ಸ್ವಲ್ಪ ಬಾಡಿತ್ತು.

ಅಲ್ಲಿಂದ ಧರ್ಮಶಾಲೆಗೆ ನಡೆದೆವು. ಅಲ್ಲಿ ಅಂಥ ಫಲಕವಿಲ್ಲ. ಯಾರು, ಎಲ್ಲಿಯವರು, ಮನೆಯಲ್ಲಿ ಏನು ತಿನ್ನುತ್ತೀರಿ ಎಂದು ಯಾರೂ ಕೇಳಲಿಲ್ಲ. ಸಾಲಿನಲ್ಲಿ ಕೂತೆವು, ಬಡಿಸಿದರು, ಉಂಡೆವು. ನಮ್ಮ ಒಂದು ಪಕ್ಕದಲ್ಲಿ ಜರಿಸೀರೆಯ ಹೆಂಗಸು, ಇನ್ನೊಂದು ಪಕ್ಕದಲ್ಲಿ ಬರಿಗಾಲಿನ ಮುದುಕ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾ ಮೊಮ್ಮಗಳು ಕೇಳಿದಳು, "ಅಲ್ಲಿ ಕೇಳಿದ್ದನ್ನ ಇಲ್ಲಿ ಯಾಕೆ ಕೇಳಲ್ಲ?"

ಪಾಟಿ ಎಲೆ ಮಡಿಸುತ್ತಾ ಹೇಳಿದರು. "ಬೆಳಕು ನೋಡೋಕೆ ನೀನು ತಯಾರಾಗಿ ಬರಬೇಕು ಕಣ್ಣೇ. ಹಸಿವು ಯಾರನ್ನೂ ತಯಾರಾಗೋಕೆ ಬಿಡಲ್ಲವಲ್ಲ."

ಆಮೇಲೆ ಆ ಒಲೆ ನೋಡಿದೆವು. ಚಿನ್ನದ ಗೋಪುರವಿಲ್ಲ, ಅಲಂಕಾರವಿಲ್ಲ. ಹೊಗೆ ಹಿಡಿದ ಗೋಡೆ, ಸೌದೆ, ಕೆಂಡ. ಅಡುಗೆ ಮುಗಿದ ಮೇಲೂ ಬೆಂಕಿ ಆರದಂತೆ ನೋಡಿಕೊಳ್ಳುತ್ತಾರೆ. 150 ವರ್ಷ ದಾಟಿದೆ. ಎಷ್ಟು ಜನ ರಾತ್ರಿ ಎದ್ದು ಸೌದೆ ಸರಿಸಿರಬೇಕು! ಅವರ ಹೆಸರು ಎಲ್ಲೂ ಬರೆದಿಲ್ಲ.

ಹತ್ತಿರದ ಮೇಟ್ಟುಕುಪ್ಪಕ್ಕೂ ಹೋದೆವು. ವಳ್ಳಲಾರ್ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿನ ಸಿದ್ಧಿವಳಾಗಂ ಎಂಬ ಮನೆಯಲ್ಲಿ. 1874ರ ಜನವರಿ 30ರಂದು ಅವರು ಅಲ್ಲಿನ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಸಿದರು. ಆಗ ಅವರಿಗೆ 50 ವರ್ಷ. ಮತ್ತೆ ಅವರನ್ನು ಯಾರೂ ಕಾಣಲಿಲ್ಲ. ಅವರು ಬೆಳಕಿನಲ್ಲಿ ಬೆಳಕಾದರು ಎಂದು ಭಕ್ತರು ನಂಬುತ್ತಾರೆ. ದಕ್ಷಿಣ ಆರ್ಕಾಟ್ ಜಿಲ್ಲೆಯ ಬಗ್ಗೆ 1878ರಲ್ಲಿ ಸರ್ಕಾರಿ ಕೈಪಿಡಿ ಬರೆದ ಗಾರ್ಸ್ಟಿನ್ ಎಂಬ ಆಂಗ್ಲ ಅಧಿಕಾರಿಯೂ ಕೋಣೆಗೆ ಹೋದವರು ಮತ್ತೆ ಕಾಣಿಸಲಿಲ್ಲ ಎಂಬುದನ್ನು ಬರೆದಿಟ್ಟಿದ್ದಾರೆ. ಅವರು ಹುಟ್ಟಿದ ಅಕ್ಟೋಬರ್ 5ನ್ನು ತಮಿಳುನಾಡು ಸರ್ಕಾರ ಈಗ ಕರುಣೆಯ ದಿನವೆಂದು ಆಚರಿಸುತ್ತದೆ.

ನಮ್ಮ ಕಡೆಯ ಒಲೆಗಳು

ವಡಲೂರು ನೋಡಿ ಬಂದ ಮೇಲೆ ರಾಜಾಜಿನಗರವೇ ಬೇರೆ ತರಹ ಕಾಣತೊಡಗಿತು. ನಮ್ಮ ಇಎಸ್‌ಐ ಆಸ್ಪತ್ರೆಯನ್ನೇ ನೋಡಿ. ಕಾರ್ಮಿಕರ ಸಂಬಳದಿಂದ ಒಂದಿಷ್ಟು, ಮಾಲೀಕರಿಂದ ಅದಕ್ಕಿಂತ ಹೆಚ್ಚು, ತಿಂಗಳು ತಿಂಗಳೂ ಒಂದು ನಿಧಿಗೆ ಸೇರುತ್ತದೆ. ಕಾಯಿಲೆ ಬಿದ್ದವರಿಗೆ ಅದರಿಂದ ಚಿಕಿತ್ಸೆ. 1948ರ ಕಾನೂನು ಮಾಡಿದ ಏರ್ಪಾಡು ಇದು. ಇದೂ ಒಂದು ತರಹದ ಹಿಡಿ ಅಕ್ಕಿಯೇ ಅಲ್ಲವೇ? ನನ್ನ ಹೆಂಡತಿಗೆ ಅಲ್ಲಿ ಆಪರೇಷನ್ ಆದಾಗ ಎಷ್ಟು ಸಾವಿರ ಜನರ ಒಂದೊಂದು ಹಿಡಿ ಅದರಲ್ಲಿ ಸೇರಿತ್ತೋ!

ಮೆಟ್ರೋದಲ್ಲಿ ಮಹಾಲಕ್ಷ್ಮಿ ನಿಲ್ದಾಣಕ್ಕೆ ಹೋಗಿ ಇಳಿದರೆ ಇಸ್ಕಾನ್ ಗುಡ್ಡ ಕಾಣುತ್ತದೆ. ಅಲ್ಲಿಂದ ಬೆಳೆದ ಅಕ್ಷಯಪಾತ್ರೆ ಎಂಬ ಯೋಜನೆ 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವುದರಿಂದ ಶುರುವಾಯಿತು. ಈಗ ದೇಶದ ಹಲವು ರಾಜ್ಯಗಳಲ್ಲಿ ಲಕ್ಷಗಟ್ಟಲೆ ಮಕ್ಕಳಿಗೆ ಊಟ ಹೋಗುತ್ತದೆ. ಶಾಲೆಯಲ್ಲಿ ಊಟ ಹಾಕುವ ಯೋಚನೆ ಇನ್ನೂ ಹಳೆಯದು. ಮದರಾಸು ನಗರಸಭೆ 1920ರ ಸುಮಾರಿಗೇ ತನ್ನ ಒಂದು ಶಾಲೆಯಲ್ಲಿ ಅದನ್ನು ಮಾಡಿತ್ತು. 1956ರಲ್ಲಿ ಕಾಮರಾಜರು ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಿದರು. 2001ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೂ ಬಿಸಿಯೂಟ ಕೊಡಬೇಕೆಂದಿತು. ಕರ್ನಾಟಕದಲ್ಲಿ 2002ರಲ್ಲಿ ಅದು ಶುರುವಾದಾಗ ಇಟ್ಟ ಹೆಸರು ಅಕ್ಷರ ದಾಸೋಹ. ದಾಸೋಹ ಎಂದಾಗ ನಮಗೆ ನೆನಪಾಗುವುದು ಬಸವಣ್ಣನವರು, ಸಾವಿರಾರು ಮಕ್ಕಳಿಗೆ ನಿತ್ಯ ಅನ್ನ ಹಾಕುವ ತುಮಕೂರಿನ ಸಿದ್ಧಗಂಗಾ ಮಠ. ವಳ್ಳಲಾರ್ ಹುಟ್ಟುವುದಕ್ಕೆ ಏಳು ಶತಮಾನ ಮೊದಲೇ ಕಲ್ಯಾಣದಲ್ಲಿ ಶರಣರು ದುಡಿದು ಹಂಚಿ ಉಣ್ಣುವುದನ್ನು ಕಲಿಸಿದ್ದರು. ಭಾಷೆ ಬೇರೆ, ಕಾಲ ಬೇರೆ, ಒಲೆ ಒಂದೇ.

ವಡಲೂರಿನಿಂದ ಬಂದ ಮರುದಿನವೇ ಮೊಮ್ಮಗಳು ಹಳೆಯ ಬಿಸ್ಕತ್ತು ಡಬ್ಬಿ ತೊಳೆದು ಒಣಗಿಸಿದಳು. ದಿನಾ ಒಂದು ಹಿಡಿ ಅಕ್ಕಿ ಹಾಕತೊಡಗಿದಳು. ಅವಳ ಹಿಡಿ ಚಿಕ್ಕದು. ಡಬ್ಬಿ ತುಂಬಲು ಬಹಳ ದಿನ ಹಿಡಿಯಿತು. ತುಂಬಿದಾಗ ಪಾಟಿಯ ಹತ್ತಿರ ಓಡಿದಳು. "ಇದನ್ನ ವಡಲೂರಿಗೆ ಹೇಗೆ ಕಳಿಸೋದು?"

"ಮೊದಲು ನಮ್ಮ ಬೀದಿ ನೋಡು. ಇಲ್ಲಿ ಯಾರಿಗೂ ಬೇಡ ಅಂದ್ರೆ ವಡಲೂರು" ಎಂದರು ಪಾಟಿ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಕಟ್ಟಡ ಅರ್ಧಕ್ಕೆ ನಿಂತಿತ್ತು. ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದಿದ್ದ ಒಂದು ಕುಟುಂಬ ಅಲ್ಲೇ ತಗಡಿನ ಶೆಡ್ಡಿನಲ್ಲಿತ್ತು. ಹದಿನೈದು ದಿನದಿಂದ ಅವರಿಗೆ ಕೂಲಿ ಸಿಕ್ಕಿರಲಿಲ್ಲ. ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ಮೊಮ್ಮಗಳು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು. ಪಾಟಿ ಅವಳನ್ನು ತಡೆದು ಕಿವಿಯಲ್ಲಿ ಏನೋ ಹೇಳಿಕೊಟ್ಟರು.

ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಶೆಡ್ಡಿನ ಮುಂದೆ ನಿಂತು ಅವಳು ಹೇಳಿದ್ದು ಇಷ್ಟೇ. "ಆಂಟಿ, ನಮ್ಮನೇಲಿ ಅಕ್ಕಿ ಜಾಸ್ತಿ ಆಗ್ಬಿಟ್ಟಿದೆ. ಹುಳ ಬೀಳುತ್ತಂತೆ. ಸ್ವಲ್ಪ ಇಟ್ಕೊಳ್ತೀರಾ?"

ಆ ತಾಯಿ ಅವಳ ಮುಖವನ್ನೂ ಡಬ್ಬಿಯನ್ನೂ ಒಮ್ಮೆ ನೋಡಿದರು. ಆಮೇಲೆ "ಕೊಡವ್ವ" ಎಂದು ಸೆರಗು ಒಡ್ಡಿದರು.

ಮುಂದಿನ ತಿಂಗಳು ಕಟ್ಟಡದ ಕೆಲಸ ಮತ್ತೆ ಶುರುವಾಯಿತು. ಒಂದು ಸಂಜೆ ಆ ತಾಯಿಯೇ ನಮ್ಮ ಬಾಗಿಲಿಗೆ ಬಂದು ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋದರು. "ರೊಟ್ಟಿ ಜಾಸ್ತಿ ಆದ್ವು" ಎಂದರು. ಒಂದು ರೊಟ್ಟಿ ಪಾಟಿಯ ಮನೆಗೂ ಹೋಯಿತು. ಜೋಳದ ರೊಟ್ಟಿ ಅಗಿಯಲು ಪಾಟಿಗೆ ಹಲ್ಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿಕೊಂಡು ಪೂರ್ತಿ ತಿಂದರು.